ಮೇಡಂ ಗಾಡಿಯ ಎರಡನೇ ಗೇರು

ಮುಳಬಾಗಿಲು
9 ಜೂನ್ 2024

ಮಾಲೂರು ಸೀಮೆಯ ಸಕಲ ಟೆಂಪೊ, ಟ್ರ್ಯಾಕ್ಟರುಗಳ ವೈದ್ಯಶಿರೋಮಣಿ, ನನ್ನ ಹೆಂಡತಿಯ ಒಬ್ಬನೇ ತಮ್ಮ ಉಮೇಶನಿಗೆ,

ನಾಲ್ಕು ವರ್ಷದಿಂದ ನೀನು ನನ್ನ ಜೊತೆ ಮಾತು ಬಿಟ್ಟಿದ್ದೆ. ಈಗ ನಾನೂ ಬಿಟ್ಟಿದ್ದೇನೆ. ಇಬ್ಬರದೂ ಸರಿಸಮ. ವ್ಯತ್ಯಾಸವೆಂದರೆ ನೀನು ಕೋಪದಲ್ಲಿ ಬಿಟ್ಟೆ, ನನ್ನದನ್ನು ಡಾಕ್ಟರು ಕತ್ತರಿಸಿ ತೆಗೆದರು. ಗಂಟಲಲ್ಲಿ ಗಂಟಿದೆ ಎಂದು ಹೋದವನಿಗೆ ಮಾತಿನ ಪೆಟ್ಟಿಗೆಯನ್ನೇ ಬಿಚ್ಚಿ, ಕತ್ತಿನ ಮುಂದೆ ಒಂದು ತೂತು ಕೊಟ್ಟು ಕಳಿಸಿದ್ದಾರೆ. ಉಸಿರಾಟವೆಲ್ಲ ಈಗ ಅಲ್ಲಿಂದಲೇ. ಕೋಲಾರದ ನಮ್ಮ ಗ್ಯಾರೇಜಿನಲ್ಲಿ ನಾನು ಬೈದರೆ ಬಸ್ ಸ್ಟ್ಯಾಂಡಿನ ಕಂಡಕ್ಟರು ವಿಸಿಲ್ ಊದುವುದನ್ನು ಮರೆಯುತ್ತಿದ್ದ. ಅಂಥ ಕಂಠಕ್ಕೆ ಈಗ ನಿನ್ನ ಅಕ್ಕ ಶಾಲೆಯಿಂದ ಒಂದು ಸ್ಲೇಟು ತಂದುಕೊಟ್ಟಿದ್ದಾಳೆ. ನಾನು ಸ್ಲೇಟಿನಲ್ಲಿ ಬೈದರೆ ಅವಳು ಮೊದಲು ಕಾಗುಣಿತ ತಿದ್ದುತ್ತಾಳೆ.

ಫೋನಿನಲ್ಲಿ ಒತ್ತಿ ಕಳಿಸಬಾರದೇ ಎನ್ನಬೇಡ. ನನ್ನ ಹೆಬ್ಬೆರಳು ಸ್ಪಾನರಿಗೆ ಹುಟ್ಟಿದ್ದು, ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತವೆ. ಅಲ್ಲದೆ ಗಾಡಿಯ ಸಾಮಾನು ಹೇಗೂ ನಮ್ಮೂರ ಮುನಿಶಾಮಿಯ ಟೊಮೊಟೊ ಟೆಂಪೊದಲ್ಲಿ ಬರಬೇಕು, ಕಾಗದವೂ ಅದರ ಜೊತೆಗೇ ಬರಲಿ.

ಈಗ ವಿಷಯ. ನಿನ್ನ ಅಕ್ಕ ಅನಸೂಯಳ ಗಾಡಿ ಎರಡನೇ ಗೇರು ಹಿಡಿಯುತ್ತಿಲ್ಲ. ಒಂದರಲ್ಲಿ ಹೊರಡುತ್ತದೆ, ಎರಡಕ್ಕೆ ಹೋಗಬೇಕಾದಾಗ ಇಂಜಿನ್ ಹುಯ್ ಎಂದು ಕೂಗುತ್ತದೆ, ಗಾಡಿ ಮಾತ್ರ ಕದಲುವುದಿಲ್ಲ. ನನ್ನ ಅನುಮಾನವೆಲ್ಲ ಸರ್ವೊ ಮೇಲೆ. ನೆನಪಿದೆಯಾ? ಡ್ರಮ್ಮಿನ ಸುತ್ತ ಸೊಂಟದ ಡಾಬಿನ ಹಾಗೆ ಒಂದು ಉಕ್ಕಿನ ಪಟ್ಟಿ. ಎಣ್ಣೆಯ ಒತ್ತಡ ಬಂದರೆ ಸರ್ವೊ ಪಿಸ್ಟನ್ ಸರಿದು, ಅದರ ಕಡ್ಡಿ ಪಟ್ಟಿಯನ್ನು ಬಿಗಿದು, ಡ್ರಮ್ಮನ್ನು ನಿಲ್ಲಿಸುತ್ತದೆ. ಆಗ ಎರಡನೇ ಗೇರು. ಪಿಸ್ಟನ್ನಿನ ರಬ್ಬರ್ ಸೀಲು ಎಣ್ಣೆ ಬಿಟ್ಟುಕೊಟ್ಟರೆ ಡಾಬು ಸಡಿಲ. ನನ್ನ ಟ್ರಂಕಿನಲ್ಲಿದ್ದ ಹೊಸ ಪಿಸ್ಟನ್ನು, ಸೀಲು ಕಳಿಸುತ್ತಿದ್ದೇನೆ. ಪೊಟ್ಟಣ ಕಟ್ಟುವುದು ನಿನ್ನ ಅಕ್ಕನ ಕೆಲಸ, ನನ್ನ ಕೈ ನಡುಗುತ್ತದೆ. ಗಾಡಿಯನ್ನು ಟೆಂಪೊ ಮೇಲೆ ಹತ್ತಿಸಿ ಕಳಿಸಿದ್ದೇನೆ. ಕ್ಲಚ್ಚಿಲ್ಲದ ಆಟೊಮ್ಯಾಟಿಕ್ ಕಾರನ್ನು ಹಗ್ಗ ಕಟ್ಟಿ ಎಳೆದರೆ ಒಳಗೆಲ್ಲ ಉರಿದುಹೋಗುತ್ತದೆ ಎಂದು ನಿನಗೆ ಬೇರೆ ಹೇಳಬೇಕೇ? ಹೇಳಬೇಕು. ಹೇಳಿದ್ದೇನೆ.

ಅವಳ ಎಡಗಾಲು ಪೋಲಿಯೋದ್ದು. ಕ್ಲಚ್ ತುಳಿಯಲಾರದು, ಬಸ್ಸಿನ ಮೆಟ್ಟಿಲನ್ನೂ ಹತ್ತಲಾರದು. ಶ್ರೀನಿವಾಸಪುರ ರಸ್ತೆಯ ಶಾಲೆಗೆ ಈಗ ಮುನಿಶಾಮಿಯ ಟೆಂಪೊದಲ್ಲೇ ಹೋಗುತ್ತಾಳೆ. ಅವನು ಕ್ರೇಟು ಬೋರಲು ಹಾಕಿ ಹತ್ತಿಸುತ್ತಾನೆ. ಮಕ್ಕಳು ‘ಟೊಮೊಟೊ ಮೇಡಂ’ ಎನ್ನುತ್ತಾರಂತೆ. ಹೇಳಿ ನಕ್ಕಳು. ಆ ನಗು ನನಗೆ ಗೊತ್ತು, ಒಂದನೇ ಗೇರಿನಲ್ಲೇ ಬೆಟ್ಟ ಹತ್ತುವ ನಗು. “ಕೆಲಸ ಬಿಟ್ಬಿಡ್ತೀನಿ ರೀ, ಸಾಕು” ಎಂದು ಎರಡು ಸಲ ಹೇಳಿದ್ದಾಳೆ.

ಡಾಕ್ಟರು ನನ್ನ ವಿಷಯಕ್ಕೆ “ನೋಡೋಣ” ಎಂದರು. ಗ್ಯಾರೇಜಿನವರು ಗಿರಾಕಿಗೆ ‘ನೋಡೋಣ’ ಎನ್ನುವುದು ಯಾವಾಗ ಎಂದು ನಿನಗೆ ಗೊತ್ತು. ನಾನು ಇರಲಿ, ಹೋಗಲಿ, ಇವಳು ಯಾರ ಕ್ರೇಟಿಗೂ ಕಾಯಬಾರದು. ಗಾಡಿ ನಡೆಯಬೇಕು.

ಇಂತಿ,
ಶಬ್ದವಿಲ್ಲದ ನಿನ್ನ ಭಾವ,
ಕೋದಂಡರಾಮಪ್ಪ


ಮಾಲೂರು, ಲಕ್ಕೂರು ರಸ್ತೆ
30 ಜೂನ್ 2024

ಮುಳಬಾಗಿಲು ಗೇರ್‌ಬಾಕ್ಸ್ ಪೀಠದ ಜಗದ್ಗುರು ಭಾವನವರಿಗೆ,

ಆಪರೇಷನ್ ವಿಷಯ ಅಕ್ಕ ಆಗಲೇ ತಿಳಿಸಿದ್ದಳು. ಬರಬೇಕಿತ್ತು. ಬರಲಿಲ್ಲ.

ನಾಲ್ಕು ವರ್ಷದ ಹಿಂದೆ ಕೋಲಾರದ ಗ್ಯಾರೇಜಿನಲ್ಲಿ ಗಿರಾಕಿಗಳ ಎದುರು “ಈ ಕೈ ಬೋಲ್ಟ್ ಬಿಚ್ಚೋಕೆ ಲಾಯಕ್ಕು, ಗೇರ್‌ಬಾಕ್ಸ್ ಮುಟ್ಟೋಕಲ್ಲ” ಎಂದು ತಾವು ಅಪ್ಪಣೆ ಕೊಡಿಸಿದ ಅದೇ ಕೈಗೆ ಗೇರ್‌ಬಾಕ್ಸ್ ಕಳಿಸಿದ್ದೀರಿ. ಈ ಕೈ ಗಾಬರಿಯಾಗಿ ಎರಡು ದಿನ ಜೇಬಿನಿಂದ ಹೊರಗೇ ಬರಲಿಲ್ಲ. ಆಮೇಲೆ ಬಂದು, ಹಳೆಯ ಸರ್ವೊ ತೆಗೆದು, ತಾವು ಕಳಿಸಿದ ಹೊಸದನ್ನು ಗೇರ್ ಎಣ್ಣೆಯಲ್ಲಿ ಚೆನ್ನಾಗಿ ಅದ್ದಿ ಕೂರಿಸಿತು. ಮುಚ್ಚಳ ಹಾಕಿ, ಲಾಕ್ ರಿಂಗ್ ತೊಡಿಸಿ, ರಸ್ತೆಗೆ ಬಿಟ್ಟೆ.

ಹಿಡಿಯಲಿಲ್ಲ. ಮೊದಲಿಗಿಂತ ಜೋರಾಗಿ ಕೂಗಿತು.

ಮುನಿಶಾಮಿ ಪಕ್ಕದಲ್ಲಿ ಕೂತಿದ್ದ. ಅವನಿಗೆ ಎಮ್ಮೆ ಎನ್ನಲು ಬರುವುದಿಲ್ಲ, ಅವರ ಮನೆಯ ತೆಲುಗಿನಲ್ಲಿ ಬರ್ರೆ; ‘ಅಲ್ಲ’ ಎನ್ನುವುದಕ್ಕೂ ‘ಕಾದು’. “ಅಣ್ಣಾ, ಇದು ಕಾರು ಕಾದು, ಬರ್ರೆ. ಕೂಗ್ತದೆ, ನಡಿಯಲ್ಲ” ಎಂದ. ವೈದ್ಯಶಿರೋಮಣಿ ಬರ್ರೆಯನ್ನು ಮತ್ತೆ ಶೆಡ್ಡಿಗೆ ತಿರುಗಿಸಿದ.

ಸೀಲಿನ ಫೋಟೊ ತೆಗೆದು ಕಳಿಸಲೇ?

ವಿಧೇಯ, ಬೋಲ್ಟ್ ಬಿಚ್ಚುವ
ಉಮೇಶ


ಮುಳಬಾಗಿಲು
14 ಜುಲೈ 2024

ಉಮೇಶಾ,

ಫೋಟೊ ಬೇಡ. ಫೋಟೊದಲ್ಲಿ ಎಲ್ಲ ಸೀಲೂ ಚೆನ್ನಾಗೇ ಕಾಣುತ್ತದೆ, ಗಂಡಿನ ಮನೆಗೆ ಕಳಿಸಿದ ಹೆಣ್ಣಿನ ಫೋಟೊದ ಹಾಗೆ.

ನೀನು ಮಾಡಿರಬಹುದಾದ ಪಾಪಗಳನ್ನು ಹೇಳುತ್ತೇನೆ, ಒಪ್ಪಿಕೊಳ್ಳುತ್ತಾ ಹೋಗು. ಸ್ಪ್ರಿಂಗನ್ನು ಪಿಸ್ಟನ್ನಿನ ತಪ್ಪು ಮಗ್ಗುಲಿಗೆ ಇಟ್ಟೆಯಾ? ಕಡ್ಡಿಯ ತುದಿ ಪಟ್ಟಿಯ ಗುಳಿಯಲ್ಲಿ ಕೂತಿದೆಯೇ, ಇಲ್ಲ ಪಕ್ಕದಲ್ಲಿ ನಿಂತು ಗೋಡೆ ತಳ್ಳುತ್ತಿದೆಯೇ? ಪಟ್ಟಿಯ ಬೋಲ್ಟನ್ನು ಬಿಗಿದ ಮೇಲೆ ಸ್ವಲ್ಪ ಹಿಂದಕ್ಕೆ ಬಿಟ್ಟೆಯಾ? ಬಿಡದಿದ್ದರೆ ಉಜ್ಜಿ ಸುಡುತ್ತದೆ, ಧಾರಾಳವಾಗಿ ಬಿಟ್ಟರೆ ಹಿಡಿಯುವುದಿಲ್ಲ. ಇನ್ನು ಲಾಕ್ ರಿಂಗು ಕೂರುವ ಕಚ್ಚಿನ ಅಂಚು. ಅದು ಬ್ಲೇಡು ಕಣಯ್ಯ. ಸೀಲು ಅದನ್ನು ದಾಟುವಾಗ ಚರಕ್ಕನೆ ಕುಯ್ದುಬಿಡುತ್ತದೆ.

ಇದೆಲ್ಲ ಸರಿಯಿದ್ದರೆ ಊದಿ ನೋಡು. ಕಂಪ್ರೆಸರ್ ಗಾಳಿ ಬೇಡವೇ ಬೇಡ. ಅದು ಪೊಲೀಸಿನ ಹಾಗೆ, ತಪ್ಪು ಮಾಡದವನ ಬಾಯಲ್ಲೂ ತಪ್ಪೊಪ್ಪಿಗೆ ಹೊರಡಿಸುತ್ತದೆ. ಸೋರುವ ಸೀಲು ಕೂಡ ಆ ರಭಸಕ್ಕೆ ಟಪ್ ಎಂದು ಸರಿದು ಒಳ್ಳೆಯವನ ವೇಷ ಹಾಕುತ್ತದೆ. ಸ್ಪ್ರಿಂಗ್ ಹಾಕದೆ, ಪಿಸ್ಟನ್ನು ಮುಚ್ಚಳ ಮಾತ್ರ ಕೂರಿಸಿ, ಎಣ್ಣೆ ಬರುವ ತೂತಿಗೆ ರಬ್ಬರ್ ನಳಿಗೆ ಇಟ್ಟು ಬಾಯಲ್ಲಿ ಊದು. ಪಿಸ್ಟನ್ ಸರಿಯಬೇಕು. ನಾಲಿಗೆಯಲ್ಲಿ ನಳಿಗೆ ಮುಚ್ಚಿ ಹಿಡಿ. ಗಾಳಿ ನಿಂತರೆ ಸೀಲು ಗಟ್ಟಿ. ಸುಯ್ ಎಂದರೆ ಬಿಚ್ಚು.

ನಾನೇ ಬಂದು ಊದುತ್ತಿದ್ದೆ. ಆದರೆ ನನ್ನ ಗಾಳಿ ಈಗ ಬಾಯಿಗೆ ಬರುವುದಿಲ್ಲ, ಕತ್ತಿನಲ್ಲೇ ಇಳಿದುಹೋಗುತ್ತದೆ, ಮಧ್ಯದ ಸ್ಟಾಪಿನಲ್ಲಿ ಇಳಿಯುವ ಪ್ಯಾಸೆಂಜರ್ ಹಾಗೆ. ಮೊನ್ನೆ ಕಾಫಿ ಸುಡುತ್ತಿತ್ತು. ಲೋಟ ಎತ್ತಿ, ತುಟಿ ಮುಂದೆ ಮಾಡಿ ಊದಿದೆ. ಏನೂ ಆಗಲಿಲ್ಲ. ಕೆನೆ ಕೂಡ ಅಲ್ಲಾಡಲಿಲ್ಲ. ಅನಸೂಯ ನೋಡಿದಳು, ಲೋಟ ಇಸಿದುಕೊಂಡು ಎತ್ತಿ ಹೊಯ್ದು ಆರಿಸಿ ಕೊಟ್ಟಳು. ಇಬ್ಬರೂ ಆ ವಿಷಯ ಮಾತಾಡಲಿಲ್ಲ. ನನಗಂತೂ ಅನುಕೂಲವೇ ಆಯಿತು.

ಇನ್ನೊಂದು ಸೀಲು ಕಳಿಸಿದ್ದೇನೆ.

ಇಂತಿ,
ಊದಲಾರದ ಭಾವ


ಮಾಲೂರು
18 ಆಗಸ್ಟ್ 2024

ಭಾವನವರಿಗೆ,

ಪಾಪನಿವೇದನೆ: ಸ್ಪ್ರಿಂಗ್ ಸರಿ ಮಗ್ಗುಲಿಗೇ ಇತ್ತು. ಕಡ್ಡಿ ಗುಳಿಯಲ್ಲೇ ಇತ್ತು. ಬೋಲ್ಟ್ ವಿಷಯದಲ್ಲಿ ಸ್ವಲ್ಪ ಧಾರಾಳಿಯಾಗಿದ್ದೆ, ಸರಿಮಾಡಿದೆ. ಲಾಕ್ ರಿಂಗಿನ ಅಂಚಿಗೆ ಸಿಗರೇಟ್ ಪ್ಯಾಕಿನ ತೆಳು ಹಾಳೆ ಸುತ್ತಿ, ಅದರ ಮೇಲಿಂದ ಸೀಲು ಜಾರಿಸಿದೆ. ಒಂದು ಗೀರೂ ಇಲ್ಲ.

ತಮ್ಮ ಮಾತು ಕೇಳದೆ ಮೊದಲು ಕಂಪ್ರೆಸರ್ ಹಿಡಿದೆ. ಟಪ್ ಎಂದಿತು. ಕುಣಿದಾಡಿದೆ. ರಸ್ತೆಗೆ ಬಿಟ್ಟರೆ ಮತ್ತೆ ಬರ್ರೆ. ಆಮೇಲೆ ಬಿಚ್ಚಿ ಬಾಯಲ್ಲಿ ಊದಿದೆ. ಸುಯ್. ಬಿದ್ದುಹೋದ ಹಲ್ಲಿನ ಸಂದಿಯಲ್ಲಿ ಹೋದ ಹಾಗೆ ಗಾಳಿ ಹೋಗುತ್ತದೆ. ಎರಡು ಹೊಸ ಸೀಲು, ಎರಡೂ ಸೋರುವುದೆಂದರೇನು? ಒಳಮೈ ಸವೆದಿರಬಹುದು ಎಂದು ಬೆಳಕು ಹಿಡಿದು ನೋಡಿದೆ. ಕನ್ನಡಿ ಹಾಗಿದೆ.

ತಮ್ಮ ಕಾಗದದ ತುಂಬ ಗಾಡಿಯ ಆರೋಗ್ಯವೇ ಇದೆ. ತಮ್ಮ ಆರೋಗ್ಯದ ಬಗ್ಗೆ ಮುನಿಶಾಮಿ ಬೇರೆ ಥರ ಹೇಳುತ್ತಾನೆ. “ಸಾರು ಅಂಗಿಯೊಳಗೆ ಕಾಣಿಸ್ತಾನೇ ಇಲ್ಲ ಅಣ್ಣಾ, ಅಂಗಿ ಒಂದೇ ಕೂತಿರ್ತದೆ” ಎಂದ. ರೇಡಿಯೇಷನ್ ಕರೆಂಟ್ ಕೊಡಿಸಿಕೊಳ್ಳಲು ಆಸ್ಪತ್ರೆಗೆ ಹೋಗುತ್ತಿದ್ದೀರಲ್ಲ, ಎಲ್ಲಿಗೆ ಬಂತು?

ಉಮೇಶ


ಮುಳಬಾಗಿಲು
15 ಸೆಪ್ಟೆಂಬರ್ 2024

ಉಮೇಶಾ,

ಕರೆಂಟ್ ಕೊಡುವುದು ನಿಂತಿದೆ. ಅವರೇ ಸಾಕು ಎಂದರು. ನಮ್ಮಲ್ಲಿ ಲೋಡ್ ಶೆಡ್ಡಿಂಗ್ ಹೊಸದೇ?

ಇದು ಟ್ರಂಕಿನ ಕೊನೆಯ ಸೀಲು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿಸಿದೆ, ಈ ಹಳೆಯ ಗಾಡಿಗೆ ಇನ್ನು ಮಾಲು ಬರುವುದಿಲ್ಲವಂತೆ. ಆದ್ದರಿಂದ ಅವಸರ ಬೇಡ. ಎಣ್ಣೆಗೆ ಅದ್ದುವ ಮೊದಲು, ಒಣಗಿರುವಾಗಲೇ ಸೀಲಿನ ತುಟಿಯ ಸುತ್ತ ಬೆರಳಾಡಿಸು. ಕಣ್ಣು ಮುಚ್ಚಿಕೊಂಡು ಆಡಿಸು. ಎಲ್ಲಾದರೂ ಬೆರಳು ತಡೆದರೆ ಅಲ್ಲೇ ಕಾರಣವಿದೆ.

ಅನಸೂಯ ನಿನ್ನೆ ಸಂಜೆ ಬಂದಾಗ ಸೀರೆಗೆಲ್ಲ ಟೊಮೊಟೊ ರಸ. ಬ್ರೇಕ್ ಹಾಕಿದಾಗ ಕ್ರೇಟು ಮೈಮೇಲೆ ಬಿತ್ತಂತೆ. “ಏನೂ ಆಗಿಲ್ಲ ಬಿಡ್ರೀ, ಹಣ್ಣಾಗಿತ್ತು” ಎಂದಳು. ಕಾಯಾಗಿದ್ದರೆ ಏಟು ಬೀಳುತ್ತಿತ್ತಲ್ಲ ಎಂಬ ಸಮಾಧಾನ ಅವಳದು. ದಸರಾ ರಜೆ ಮುಗಿದ ಮೇಲೆ ಶಾಲೆಗೆ ಹೋಗುವುದಿಲ್ಲ ಎಂದು ತೀರ್ಮಾನ ಮಾಡಿದ್ದಾಳೆ. “ಮನೇಲಿ ನಿಮ್ಮನ್ನ ನೋಡ್ಕೋತೀನಿ” ಎಂದಳು. ಸ್ಲೇಟಿನಲ್ಲಿ ಬರೆದೆ: ‘ಆಮೇಲೆ?’ ಓದಿದಳು. ಈ ಸಲ ಕಾಗುಣಿತ ತಿದ್ದಲಿಲ್ಲ. ಒರೆಸಿಬಿಟ್ಟಳು.

ರಜೆ ಮುಗಿಯುವುದರೊಳಗೆ, ಉಮೇಶಾ.

ಭಾವ


ಮಾಲೂರು
29 ಸೆಪ್ಟೆಂಬರ್ 2024

ಭಾವ,

ತಾವು ಹೇಳಿದಂತೆ ಕಣ್ಣು ಮುಚ್ಚಿ, ಒಣ ಸೀಲಿನ ತುಟಿಗೆ ಬೆರಳಾಡಿಸಿದೆ. ಒಂದು ಕಡೆ ತಡೆಯಿತು. ಚಿಕ್ಕ ಹಕ್ಕಳೆ, ಗಾಯ ಒಣಗಿದ ಹಾಗೆ. ಕಣ್ಣು ಬಿಟ್ಟರೆ ಬೆರಳ ತುದಿ ಕೆಂಪು. ಗೇರ್ ಎಣ್ಣೆ ಎಂದುಕೊಂಡೆ, ಅದೂ ಕೆಂಪೇ ತಾನೇ. ಆದರೆ ಎಣ್ಣೆಯ ಡಬ್ಬಿಯನ್ನು ಇನ್ನೂ ತೆರೆದೇ ಇರಲಿಲ್ಲ.

ಮೂಸಿ ನೋಡಿದೆ. ಕುಂಕುಮ. ಅದರಡಿ ಕಲಸಿದ ಅರಿಶಿನ. ಸೀಲಿನ ಸುತ್ತ ಮೂರು ಕಡೆ ಒಂದೊಂದು ಬೊಟ್ಟು. ಹೊಸ್ತಿಲಿಗೆ ಇಡುವಷ್ಟೇ ಅಚ್ಚುಕಟ್ಟಾಗಿ.

ಹಳೆಯ ಎರಡನ್ನೂ ಕಸದ ಡಬ್ಬಿಯಿಂದ ತೆಗೆದು ನೋಡಿದೆ. ತುಟಿಯ ಮಡಿಕೆಯೊಳಗೆ ಅದೇ ಪುಡಿ, ಅದೇ ಜಾಗ. ಕೆಂಪು ಎಣ್ಣೆಯಲ್ಲಿ ಅದ್ದಿಬಿಡುತ್ತಿದ್ದೆನಲ್ಲ, ಕೆಂಪಿನಲ್ಲಿ ಕೆಂಪು ಕಾಣಲಿಲ್ಲ. ಆ ಹರಳಿನ ಪಕ್ಕದಲ್ಲೇ ಒತ್ತಡವೆಲ್ಲ ಸೋರಿಹೋಗುತ್ತಿತ್ತು. ನಮ್ಮ ಎರಡನೇ ಗೇರನ್ನು ಹಿಡಿದುಕೊಂಡಿದ್ದವರು ಯಾರು ಎಂದು ಇಬ್ಬರಿಗೂ ಗೊತ್ತು. ಪೊಟ್ಟಣ ಕಟ್ಟುವವರು ನಿಮ್ಮ ಮನೆಯಲ್ಲಿ ಒಬ್ಬರೇ.

ತಮಾಷೆ ಮಾಡಬೇಕೆಂದು ಪೆನ್ನು ತೆಗೆದೆ. ಆಗುತ್ತಿಲ್ಲ. ಸೀಲು ಮೂರು ದಿನದಿಂದ ನನ್ನ ಮೇಜಿನ ಮೇಲೆ ಕೂತಿದೆ. ಒರೆಸಿದರೆ ಗಾಡಿ ನಡೆಯುತ್ತದೆ. ಆದರೆ ಅದು ಅಕ್ಕ ಇಟ್ಟ ಕುಂಕುಮ. ಯಾರಿಗಾಗಿ ಇಟ್ಟಳೆಂದು ನನಗೆ ಗೊತ್ತಿಲ್ಲವೇ? ಬಟ್ಟೆ ಕೈಗೆತ್ತಿಕೊಂಡೆ, ಕೆಳಗಿಟ್ಟೆ. ಅಕ್ಕನ ಕುಂಕುಮವನ್ನು ತಮ್ಮನಾದವನು ತನ್ನ ಕೈಯಾರೆ ಒರೆಸುವುದು ಹೇಗೆ ಭಾವ?

ತಾವೇ ಹೇಳಿ.

ಉಮೇಶ


ಮುಳಬಾಗಿಲು
2 ಅಕ್ಟೋಬರ್ 2024

ಉಮೇಶಾ,

ಒರೆಸು.

ಒಣ ಬಟ್ಟೆ ಹಾಕಬೇಡ, ನಾರು ಹಿಡಿಯುತ್ತದೆ. ಪೆಟ್ರೋಲ್ ಬೇಡ, ರಬ್ಬರ್ ಉಬ್ಬುತ್ತದೆ. ಹೊಸ ಗೇರ್ ಎಣ್ಣೆಯಲ್ಲಿ ನೆನೆಸಿ ಬೆರಳಿನಿಂದಲೇ ತೆಗೆ. ಮೆತ್ತಗೆ.

ಕಾಗದ ಓದಿ ನಕ್ಕೆ ಕಣಯ್ಯ. ಈ ತೂತಿನ ಕತ್ತಿನವನು ನಕ್ಕರೆ ಹೇಗಿರುತ್ತದೆ ಗೊತ್ತಾ, ಪಂಕ್ಚರ್ ಆದ ಟ್ಯೂಬು. ಅನಸೂಯ ಓಡಿ ಬಂದಳು, ಉಸಿರು ಕಟ್ಟಿತೇನೋ ಎಂದು. ಕಾಗದವನ್ನು ದಿಂಬಿನಡಿ ತಳ್ಳಿದೆ. “ನನ್ನ ತಮ್ಮ ಏನಂತೆ?” ಎಂದಳು. ‘ಪೆದ್ದ’ ಎಂದು ಬರೆದೆ. “ಅದು ಹಳೇ ಸುದ್ದಿ” ಎಂದಳು.

ನನ್ನ ಆಯಸ್ಸು ಆ ಸೀಲಿನ ತುಟಿಯ ಮೇಲಿಲ್ಲ. ಇದ್ದಿದ್ದರೆ ನಾನು ಅದನ್ನು ಕಳಿಸುತ್ತಲೇ ಇರಲಿಲ್ಲ, ಮನೆಯಲ್ಲಿಟ್ಟುಕೊಂಡು ದಿನಾ ಎಣ್ಣೆ ಬಿಡುತ್ತಿದ್ದೆ. ಅವಳು ನನ್ನ ಹೆಸರಿನಲ್ಲಿ ಇಟ್ಟದ್ದು ಗಾಡಿಯನ್ನು ನಿಲ್ಲಿಸಿದೆ. ನಾನು ಹೋಗುವವನು, ಗಾಡಿ ನಡೆಯಬೇಕಾದ್ದು. ನಿಲ್ಲುವ ವಸ್ತುವಿಗಾಗಿ ನಡೆಯುವ ವಸ್ತುವನ್ನು ಹಾಳುಮಾಡಬಾರದು ಎಂದು ನಿನಗೆ ಮೊದಲ ದಿನವೇ ಕಲಿಸಿದ್ದೆ.

ಅವಳಿಗೆ ಹೇಳಬೇಡ. ಯಾವತ್ತೂ.

ಒರೆಸಿದ್ದಕ್ಕೆ ನನ್ನ ಒಪ್ಪಿಗೆ ಈ ಕಾಗದದಲ್ಲಿದೆ. ಕೈ ನಿನ್ನದು, ಅಪ್ಪಣೆ ನನ್ನದು.

ಕೋದಂಡರಾಮಪ್ಪ


ಮಾಲೂರು
13 ಅಕ್ಟೋಬರ್ 2024

ಭಾವ,

ಒರೆಸಿದೆ.

ಬೆರಳಿಗೆ ಬಂದದ್ದನ್ನು ಕಸಕ್ಕೆ ಹಾಕಲು ಮನಸ್ಸಾಗಲಿಲ್ಲ. ಸರ್ವೊ ಮುಚ್ಚಳದ ಹೊರಮೈಗೆ ಹಚ್ಚಿದೆ. ಅಲ್ಲಿ ಯಾವ ಒತ್ತಡವೂ ಇಲ್ಲ, ಎಷ್ಟು ಹೊತ್ತಾದರೂ ಇರಬಹುದು.

ಊದಿದೆ. ಪಿಸ್ಟನ್ ಸರಿಯಿತು. ನಾಲಿಗೆ ಅಡ್ಡ ಇಟ್ಟೆ. ನಿಂತಿತು. ನನಗೆ ಉಸಿರು ಕಟ್ಟುವವರೆಗೂ ನಿಂತಿತ್ತು. ಆ ಗಾಳಿಯನ್ನು ಹೊರಗೆ ಬಿಡುವಾಗ ನಿಮ್ಮ ನೆನಪಾಯಿತು, ಏಕೆಂದು ಬರೆಯುವುದಿಲ್ಲ.

ಶಿವಾರಪಟ್ಟಣದ ಕಡೆಗೆ ಓಡಿಸಿದೆ. ಕಲ್ಲು ಕೆತ್ತುವವರ ಶೆಡ್ಡುಗಳು ಶುರುವಾಗುವಲ್ಲಿ ಎರಡನೇ ಗೇರು ಹಿಡಿಯಿತು. ಕೂಗಲೇ ಇಲ್ಲ. ಬೆಣ್ಣೆಯಲ್ಲಿ ಚಾಕು. ಮುನಿಶಾಮಿ “ಇಪ್ಪುಡು ಕಾರು ಅಣ್ಣಾ” ಎಂದು, ಈಗ ಕಾರಾಯಿತು ಎಂಬ ಸರ್ಟಿಫಿಕೇಟ್ ಕೊಟ್ಟ.

ನಾನೇ ತರುತ್ತೇನೆ, ರಜೆ ಮುಗಿಯುವ ಮೊದಲು. ಸ್ಲೇಟು ಒರೆಸಿ ಇಟ್ಟಿರಿ. ನಾಲ್ಕು ವರ್ಷದ ಬೈಗುಳ ಬಾಕಿಯಿದೆ, ಬರೆದಾದರೂ ಬೈಯಬೇಕು.

ಉಮೇಶ


ಮುಳಬಾಗಿಲು
21 ಸೆಪ್ಟೆಂಬರ್ 2025

ಉಮೇಶ,

ಕ್ಷೇಮ ಎಂದು ಬರೆಯುವುದು ರೂಢಿ, ಬರೆದಿದ್ದೇನೆ. ಫೋನಿನಲ್ಲಿ ನಾವಿಬ್ಬರೂ ಗಾಡಿ ಹೇಗಿದೆ, ಚೆನ್ನಾಗಿದೆ ಎನ್ನುವುದರಲ್ಲೇ ಮುಗಿಸುತ್ತೇವೆ. ಅದಕ್ಕೇ ಈ ಕಾಗದ.

ಶಾಲೆಗೆ ಹೋಗುತ್ತಿದ್ದೇನೆ. ಟೊಮೊಟೊ ಮೇಡಂ ಎಂಬ ಹೆಸರು ಮಾತ್ರ ಹೋಗಲಿಲ್ಲ, ಈಗ ಹೊಸದಾಗಿ ಸೇರಿದ ಮಕ್ಕಳೂ ಕಾರಣ ತಿಳಿಯದೆಯೇ ಹಾಗೆ ಕರೆಯುತ್ತವೆ.

ನೀನು ಗಾಡಿ ತಂದ ದಿನ ಭಾವ, ಭಾಮೈದ ಇಬ್ಬರೂ ಸಂಜೆವರೆಗೂ ಜಗಲಿ ಮೇಲೆ ಕೂತು ಒಂದು ಮಾತೂ ಆಡಲಿಲ್ಲ. ಅವರಿಗೆ ಧ್ವನಿ ಇರಲಿಲ್ಲ, ನಿನಗೇನಾಗಿತ್ತೋ? ಮಾರನೇ ದಿನ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೈಪಾಸಿನವರೆಗೆ ಹೋದೆ. ಎರಡನೇ ಗೇರು ಬಿದ್ದಾಗ ಕಣ್ಣು ಮುಚ್ಚಿಕೊಂಡರು. ಸ್ಲೇಟಿನಲ್ಲಿ ‘ಈ ಕೈ ಪರವಾಗಿಲ್ಲ’ ಎಂದು ಬರೆದರು. “ಯಾರ ಕೈ ರೀ, ನನ್ನದಾ?” ಎಂದೆ. ಸ್ಲೇಟು ಒರೆಸಿ ಮಡಿಲಲ್ಲಿಟ್ಟುಕೊಂಡರು. ಕಾರ್ತಿಕದಲ್ಲಿ ಕೊನೆಯ ಸಲ ಆಸ್ಪತ್ರೆಗೆ ಕರೆದುಕೊಂಡು ಹೋದದ್ದೂ ಅದೇ ಗಾಡಿಯಲ್ಲಿ, ನಾನೇ. ಬರುವಾಗ ಒಬ್ಬಳೇ ಬಂದೆ. ಅವರನ್ನು ಬೇರೆ ಗಾಡಿಯಲ್ಲಿ ತಂದರು. ಅವತ್ತೂ ಗೇರು ಸರಿಯಾಗೇ ಬಿತ್ತು.

ನಿನಗೊಂದು ಮಾತು ಹೇಳಬೇಕು, ನಗಬೇಡ. ಆ ಪೊಟ್ಟಣ ಕಟ್ಟುವಾಗಲೆಲ್ಲ, ಅವರು ಮಧ್ಯಾಹ್ನ ಕಣ್ಣು ಮುಚ್ಚಿದಾಗ, ಸಾಮಾನಿಗೆಲ್ಲ ಅರಿಶಿನ ಕುಂಕುಮ ಇಡುತ್ತಿದ್ದೆ. ಗೊತ್ತಾಗಿದ್ದರೆ ಸ್ಲೇಟು ಒಡೆಯುವ ಹಾಗೆ ಬೈದಿರುತ್ತಿದ್ದರು. ಎರಡಕ್ಕೂ ಬೇಡಿಕೊಂಡಿದ್ದೆ, ಗಾಡಿಗೂ, ಅವರಿಗೂ. ದೇವರು ಅರ್ಧ ಕೇಳಿಸಿಕೊಂಡ.

ಆಯುಧಪೂಜೆ ಬಂತು. ವರ್ಷ ತುಂಬಿಲ್ಲ, ಮನೆಯಲ್ಲಿ ಹಬ್ಬವಿಲ್ಲ. ಆದರೆ ಗಾಡಿಗೆ ಯಾವ ಸೂತಕ? ಪಕ್ಕದ ಮನೆ ಕದಿರಮ್ಮ “ನೀನು ಕುಂಕುಮ ಮುಟ್ಟಂಗಿಲ್ಲ ಕಣಮ್ಮ, ಗಂಡಸರು ಯಾರಾದ್ರೂ ಇಡ್ಲಿ” ಎಂದಳು. ನೀನು ಬಂದು ಇಟ್ಟು ಹೋಗು.

ನಿನ್ನ ಅಕ್ಕ,
ಅನಸೂಯ


ಮಾಲೂರು
25 ಸೆಪ್ಟೆಂಬರ್ 2025

ಅಕ್ಕ,

ಬರ್ತೀನಿ. ನಿಂಬೆಹಣ್ಣು, ಬೂದುಗುಂಬಳ ನಾನೇ ತರ್ತೀನಿ, ಮುನಿಶಾಮಿ ಹೂವು ತರ್ತಾನೆ. ಕುಂಕುಮ ಮಾತ್ರ ನೀನೇ ಇಡಬೇಕು. ಕದಿರಮ್ಮ ಕೇಳಿದರೆ ಮೆಕ್ಯಾನಿಕ್ ಹೇಳಿದ್ದಾನೆ ಅನ್ನು, ಗೇರ್‌ಬಾಕ್ಸ್ ವಿಷಯದಲ್ಲಿ ಅವಳ ಮಾತು ನಡೆಯುವುದಿಲ್ಲ.

ಧಾರಾಳವಾಗಿ ಇಡು. ಬಾನೆಟ್ಟಿಗಿಡು, ಸ್ಟೇರಿಂಗಿಗಿಡು, ನಾಲ್ಕೂ ಚಕ್ರಕ್ಕಿಡು. ಒಳಗೆ ಮಾತ್ರ ಬೇಡ ಅಕ್ಕ.

ಅಲ್ಲಿ ನೀನಿಟ್ಟದ್ದು ಇನ್ನೂ ಇದೆ.

ಉಮೇಶ